ಬೀಗರೂಟಕ್ಕೆ ಡಬ್ಬಿ ತನ್ನಿ

ನಗುವಂಥ ಸಂಗತಿಗಳನ್ನು ನಾನು ಎಂದೂ ಹುಡುಕಿಕೊಂಡು ಹೋದವನಲ್ಲ. ಅವೇ ನಮ್ಮ ಮನೆ ಎಲ್ಲಿ ಅಂತ ಕೇಳಿಕೊಂಡು ಬರುತ್ತವೆ. ಮಂಡ್ಯದ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಮಗಳು ಒಂದು ಸಂಜೆ ಮಳವಳ್ಳಿಯ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಅಪ್ಪ, ಇವತ್ತಿಂದ ಈ ಮನೇಲಿ ಭೂಮಿಗೆ ಭಾರ ಆಗೋ ಕೆಲ್ಸ ಯಾವ್ದೂ ನಡಿಯಂಗಿಲ್ಲ" ಎಂದು ಸಾರಿದ ಮೇಲಂತೂ ಅವಕ್ಕೆ ದಾರಿ ಇನ್ನೂ ಸಲೀಸಾಯಿತು. ಪ್ಲಾಸ್ಟಿಕ್ ಬೇಡ, ಅಡುಗೆಮನೆ ಕಸ ಬೀದಿಗೆ ಹಾಕೋದು ಬೇಡ, ಕರೆಂಟು ಪೋಲು ಮಾಡೋದು ಬೇಡ. ನಾನೋ, ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವವನು. ಹಗಲೆಲ್ಲ ಕಾವೇರಿ ನೀರಿನಿಂದ ಕರೆಂಟು ತೆಗೆದು ಊರೂರಿಗೆ ಕಳಿಸಿ ಮನೆಗೆ ಬಂದರೆ, ಬಚ್ಚಲ ದೀಪ ಆರಿಸಲಿಲ್ಲ ಅಂತ ಬೈಸಿಕೊಳ್ಳಬೇಕು.

ಬೈಗುಳ ಹೋಗಲಿ, ಅದು ಅಭ್ಯಾಸವಾಗುತ್ತದೆ. ಆದರೆ ಆಗ ಅವಳಿಗೆ ಗಂಡು ಗೊತ್ತಾಗುವ ಹಂತ ಬಂದಿತ್ತು. ಮದ್ದೂರಿನ ಹತ್ತಿರ ಶಿವಪುರದ ಕಡೆಯ ಮನೆತನ. ಕಬ್ಬು, ತೆಂಗು, ಹಸು, ತುಂಬಿದ ಮನೆ. ಹುಡುಗನಿಗೂ ಮಂಡ್ಯದಲ್ಲೇ ಕೆಲಸ, ನಮ್ಮ ಮಗಳಿಗೂ ಅವನು ಇಷ್ಟ. ಇವಳ ಈ ವ್ರತ ನೋಡಿ ಅವರು ಹೆದರಿ ಹಿಂದೆ ಸರಿದುಬಿಟ್ಟರೆ ಗತಿಯೇನು ಅನ್ನುವುದೊಂದೇ ನನ್ನ ಎದೆಯಲ್ಲಿ ಕೂತಿದ್ದ ಭಯ. ಈಗ ಎಲ್ಲ ಸುಖವಾಗಿ ಮುಗಿದು ಕಾಲು ಚಾಚಿ ಕೂತಿದ್ದೇನೆ. ಅದಕ್ಕೇ ಬಾಯಿ ಬಿಡುವ ಧೈರ್ಯ ಬಂದಿದೆ.

ಬಾಲ್ಕನಿಗೆ ಬಂದ ತಿಪ್ಪೆ

ಮೊದಲು ಬಂದದ್ದು ಕಾಂಪೋಸ್ಟ್ ಡ್ರಮ್ಮು. ತರಕಾರಿ ಸಿಪ್ಪೆ, ಕಾಫಿ ಚರಟ ಎಲ್ಲ ಅದರೊಳಗೆ ಹಾಕಿ, ಮೇಲೊಂದು ಪುಡಿ ಉದುರಿಸಿದರೆ ಗೊಬ್ಬರವಾಗುತ್ತದಂತೆ. ಪುಡಿಯನ್ನು ಮಗಳು ಆನ್‌ಲೈನಿನಲ್ಲಿ ತರಿಸಿದಳು. ಅದು ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ, ಆ ಡಬ್ಬ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಆ ಕವರಿನ ಸುತ್ತ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಂತು. ನಾನು ಕೂತು ಗುಳ್ಳೆ ಒಡೆದೆ ಅಷ್ಟೆ.

ನನ್ನ ಹೆಂಡತಿ ಹಳ್ಳಿಯಲ್ಲಿ ಬೆಳೆದವಳು. ಮದುವೆಗೆ ಮುಂಚೆ ದಿನಾ ಬೆಳಿಗ್ಗೆ ಕೊಟ್ಟಿಗೆ ಬಾಚಿ, ಸಗಣಿ ಮಂಕರಿಯನ್ನು ತಲೆ ಮೇಲೆ ಹೊತ್ತು ತಿಪ್ಪೆಗೆ ಹಾಕಿ ಬರುತ್ತಿದ್ದಳು. ಡ್ರಮ್ಮಿನ ಸುತ್ತ ಒಂದು ಸುತ್ತು ಬಂದಳು. ಮುಚ್ಚಳ ತೆಗೆದು ಮೂಸಿದಳು. ಮಗಳು, "ಹೆಂಗೈತಮ್ಮ?" ಎಂದು ಕೇಳಿದಳು, ಮುಖದ ತುಂಬ ಹೆಮ್ಮೆ.

"ತಿಪ್ಪೆ ಸವಾಸ ತಪ್ತು ಅಂತ ಟೌನಲ್ಲಿರೋ ಗಂಡುನ್ನ ಒಪ್ಕಂಡೆ ಕಣವ್ವ. ನಮ್ಮೂರಲ್ಲಿ ತಿಪ್ಪೆ ಮನೆ ಹಿತ್ಲಲ್ಲಾದ್ರೂ ಇತ್ತು. ನೀನು ಬಾಲ್ಕನಿಗೇ ತಂದ್ಬುಟ್ಟಲ್ಲ!" ಎಂದಳು.

ಮಂಗಳವಾರದ ಬುತ್ತಿ

ಡ್ರಮ್ಮಿನ ಹಿಂದೆಯೇ ಸ್ಟೀಲ್ ಡಬ್ಬಿಗಳು ಬಂದವು. ಒಂದೇ ಅಳತೆ, ಒಂದೇ ಹೊಳಪು. ಅಂಗಡಿಯ ಕವರಿಗೆ ಮನೆಯಲ್ಲಿ ಜಾಗವಿಲ್ಲ ಎಂದು ಕಟ್ಟಪ್ಪಣೆಯಾಯಿತು. ಭಾನುವಾರ ಮಟನ್ ಅಂಗಡಿಯ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತವನು ನಾನೊಬ್ಬನೇ. ಹಿಂದೆ ನಿಂತಿದ್ದವರು ಕನಿಕರದಿಂದ, "ಯಾಕಣ್ಣ, ಆಸ್ಪತ್ರೆಲಿ ಯಾರಾದ್ರೂ ಅವ್ರಾ?" ಎಂದು ವಿಚಾರಿಸಿದರು.

ತಂದದ್ದರಲ್ಲಿ ಅರ್ಧ ಅಂದೇ ಸಾರಾಯಿತು. ಸೋಮವಾರ ನಮ್ಮಲ್ಲಿ ಮಾಂಸ ಮುಟ್ಟುವಂತಿಲ್ಲ, ಹಾಗಾಗಿ ಉಳಿದರ್ಧ ಅದೇ ಡಬ್ಬಿಯಲ್ಲಿ ಫ್ರಿಜ್ಜು ಸೇರಿತು. ಮಂಗಳವಾರ ಬೆಳಿಗ್ಗೆ ಹೆಂಡತಿ ಅದನ್ನು ಹೊರಗೆ ತೆಗೆದು ಅಡುಗೆ ಕಟ್ಟೆಯ ಮೇಲಿಟ್ಟಳು. ಪಕ್ಕದಲ್ಲೇ ನನ್ನ ಚಿತ್ರಾನ್ನದ ಡಬ್ಬಿ ಇಟ್ಟಳು. ನಾನು ಬಸ್ಸಿನ ಅವಸರದಲ್ಲಿ ಒಂದನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ.

ಮಧ್ಯಾಹ್ನ ಎಲ್ಲರೂ ಸುತ್ತ ಕೂತು ಊಟ ಹಂಚಿಕೊಳ್ಳುವುದು ನಮ್ಮ ಪದ್ಧತಿ. ನಾನು ಮುಚ್ಚಳ ತೆಗೆದೆ. ಹಸಿ ಮಟನ್, ಮೂಳೆ ಸಮೇತ. ಅದೇ ಹೊತ್ತಿಗೆ ಹೆಂಡತಿಯ ಫೋನು: "ಮಸಾಲೆ ರುಬ್ಕಂಡು ಕುಂತಿವ್ನಿ, ಡಬ್ಬಿ ತೆಗುದ್ರೆ ಚಿತ್ರಾನ್ನ! ಮಸಾಲೆಗೆ ನಾನ್ ಬೀಳ್ಲಾ?"

ಮಗಳ ವ್ರತದ ಕತೆ ದಿನಾ ನನ್ನಿಂದ ಕೇಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಡಬ್ಬಿಯೊಳಗೆ ಬಗ್ಗಿ ನೋಡಿ, ನಿಧಾನವಾಗಿ ತಲೆ ಅಲ್ಲಾಡಿಸಿದರು. "ಗ್ಯಾಸು ಉಳುಸ್ಬೇಕು, ಸರಿ ಕಣಯ್ಯ. ಅದ್ಕೆ ಬೇಯ್ಸದ್ನೇ ಬುಟ್ಬುಟ್ರಾ?"

ಗಂಡಿನ ಮನೆಯ ಫ್ಯಾನು

ಮಾತುಕತೆ ಮುಂದುವರಿದು ಗಂಡಿನ ಮನೆ ನೋಡಲು ಹೋಗುವ ದಿನ ಬಂತು. ಮಗಳನ್ನು ಮನೆಯಲ್ಲೇ ಬಿಟ್ಟು ನಾನು, ಹೆಂಡತಿ ಹೊರಟೆವು. "ಅಲ್ಲಿ ಅವಳ ಪ್ಲಾಸ್ಟಿಕ್ ಪುರಾಣ ತೆಗೀಬೇಡ" ಎಂದು ಹೆಂಡತಿಗೆ ಬಸ್ಸಿನಲ್ಲಿ ಎಚ್ಚರಿಕೆ ಕೊಟ್ಟವನು ನಾನೇ.

ಹುಡುಗನ ತಂದೆ ಆಳೆತ್ತರದ ಮನುಷ್ಯ, ಗುಡುಗಿನಂಥ ದನಿ, ಬಿಳಿ ಮೀಸೆ. ಅವರ ಅಣ್ಣತಮ್ಮಂದಿರೆಲ್ಲ ನಡುಮನೆಯಲ್ಲಿ ಸಾಲಾಗಿ ಕೂತಿದ್ದರು. ಬಿಸಿಬಿಸಿ ಉಪ್ಪಿಟ್ಟು ಬಂತು. ಬೇಸಿಗೆಯ ಸೆಕೆ ಬೇರೆ. ನಾನು ಎಲ್ಲರಿಗಿಂತ ಮೊದಲು ತಿಂದು ಮುಗಿಸಿ, ಕೈ ತೊಳೆಯಲು ಎದ್ದೆ. ಏಳುವಾಗ ಗೋಡೆಯ ಮೇಲಿನ ಸ್ವಿಚ್ಚುಗಳನ್ನು ಟಕಟಕ ಆರಿಸಿಕೊಂಡೇ ಹೋದೆ. ಮನೆಯಲ್ಲಿ ಬೈಸಿಕೊಂಡು ಬೈಸಿಕೊಂಡು ಕೈಗೆ ಅದೇ ರೂಢಿಯಾಗಿತ್ತು, ತಲೆಗೆ ಗೊತ್ತೇ ಆಗಲಿಲ್ಲ.

ವಾಪಸ್ ಬಂದು ನೋಡಿದರೆ ಇಡೀ ನಡುಮನೆ ಕತ್ತಲು. ಫ್ಯಾನು ನಿಂತಿದೆ. ಹಿರಿಯರೆಲ್ಲ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ. ನಾನೇ ಆರಿಸಿದೆ ಎನ್ನಲೋ, ಸುಮ್ಮನಿರಲೋ? ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತು.

ಹುಡುಗನ ತಂದೆ ಮೇಲೆ ನೋಡಿದರು, ನನ್ನನ್ನು ನೋಡಿದರು. "ಇದೇನ್ರೀ ಬೀಗ್ರೇ, ಕರೆಂಟ್ ಮಾಡೋರೇ ಮನೆಗ್ ಬಂದವ್ರೆ ಅಂತ ನಾವು ಬೀಗ್ತಾ ಇದ್ರೆ, ನೀವ್ ಬಂದ್ ಗಳಿಗೆಗೇ ಕರೆಂಟ್ ಓಯ್ತಲ್ರೀ!"

ಎಲ್ಲರೂ ಗೊಳ್ಳೆಂದು ನಕ್ಕರು. ನಗುವಿನ ಗದ್ದಲದಲ್ಲಿ ನಾನು ಮೆಲ್ಲಗೆ ಗೋಡೆಗೆ ಒರಗಿ, ಬೆನ್ನ ಹಿಂದೆ ಕೈ ಹಾಕಿ ಸ್ವಿಚ್ಚು ಒತ್ತಿದೆ. ಅವರು ನನ್ನನ್ನು 'ಬೀಗ್ರೇ' ಅಂದದ್ದು ಆಮೇಲೆ ಹೊಳೆಯಿತು. ಅಬ್ಬ, ಸಂಬಂಧ ಗಟ್ಟಿಯಾಗಿತ್ತು.

ಹೊರಡುವಾಗ ಮಗಳ ವ್ರತದ ವಿಷಯವನ್ನು ನಾನೇ ಹೆದರುತ್ತ ಹೇಳಿದೆ. ಅವರು ಮೀಸೆ ತಿರುವಿ, "ಮದ್ವೇಲಿ ಎಲ್ಲಾ ನಿಮ್ ಮಗ್ಳು ಯೋಳ್ದಂಗೇ ನಡೀಲಿ. ಬೀಗರೂಟದಲ್ಲಿ ಮಾತ್ರ ನಮ್ ಜನ ಆಡ್ಕಳ್ದಂಗೆ ನೋಡ್ಕಳಿ. ಉಣ್ಣೋದು ಅತ್ಲಾಗಿರ್ಲಿ, ಮನೇಲಿರೋ ಮುದುಕ್ರು ಮಕ್ಳಿಗೆ ಸಾರು ಓಗ್ನಿಲ್ಲ ಅಂದ್ರೆ ನಾನ್ ಊರಲ್ಲಿ ತಲೆ ಎತ್ತಂಗಿಲ್ಲ" ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗಲೂ ನನಗೆ ಆ ಮಾತಿನದೇ ಯೋಚನೆ.

ಮೊಳಕೆ ಬಂದ ಪತ್ರಿಕೆ

ಲಗ್ನಪತ್ರಿಕೆಯೂ ಮಗಳದೇ ಆಯ್ಕೆ. ಬೀಜ ಸೇರಿಸಿ ಮಾಡಿದ ಕಾಗದ. ಮದುವೆ ಮುಗಿದ ಮೇಲೆ ಕಸಕ್ಕೆ ಎಸೆಯದೆ ಮಣ್ಣಲ್ಲಿ ಹೂತು ನೀರು ಹಾಕಿದರೆ ಗಿಡ ಬರುತ್ತದೆ. ಪತ್ರಿಕೆ ಹಂಚುವಾಗ ಒಂದೊಂದು ಮನೆಯಲ್ಲೂ ಇದನ್ನು ಬಿಡಿಸಿ ಹೇಳಿ ನನ್ನ ಗಂಟಲು ಒಣಗಿತು. ಹಲಗೂರಿನ ನಮ್ಮ ಸೋದರಮಾವನಿಗಂತೂ ಇದು ಭಾರಿ ಹಿಡಿಸಿತು.

ಮದುವೆ ಹತ್ತಿರ ಬಂದಾಗ ಅವರ ಫೋನು ಬಂತು. "ಲೇ, ನೀನ್ ಯೋಳ್ದಂಗೇ ಅವತ್ತೇ ಊತು ನೀರ್ ಆಕ್ದೆ ಕಣ್ಲಾ. ಪತ್ರಿಕೆ ಬೋ ಪಸಂದಾಗ್ ಬಂದದೆ, ಎಲೆ ಒಡದದೆ. ಅದ್ಸರಿ, ಮದ್ವೆ ಎಂದು, ಎಲ್ಲಿ? ಅದು ಗಿಡದ ಮ್ಯಾಲೆ ಕಾಣ್ತಿಲ್ವಲ್ಲ!"

ಡಬ್ಬಿಗಳ ಗುಡ್ಡ

ಮದುವೆ ಸರಾಗವಾಗಿ ಆಯಿತು. ಮಿಕ್ಕದ್ದು ಮಳವಳ್ಳಿಯಲ್ಲಿ ನಾವು ಕೊಡಬೇಕಾದ ಬೀಗರೂಟ. ನಮ್ಮ ಸೀಮೆಯಲ್ಲಿ ತಾಳಿ ಕಟ್ಟುವಾಗ ಮಂತ್ರ ತಪ್ಪಿದರೂ ಯಾರೂ ಕೇಳುವುದಿಲ್ಲ, ಬೀಗರೂಟದಲ್ಲಿ ಮಟನ್ ಸಾರಿಗೆ ಉಪ್ಪು ತಪ್ಪಿದರೆ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಊಟಕ್ಕೆ ಬಾಳೆಲೆ ಸರಿ, ನೀರಿಗೆ ಸ್ಟೀಲ್ ಲೋಟ ಸರಿ. ಮನೆಗೆ ಒಯ್ಯುವ ಸಾರಿಗೆ ಏನು ಮಾಡುವುದು? ಅಡುಗೆಯವರು, "ಕವರ್ ಇಲ್ದೆ ಎಂಗ್ ಕಳುಸ್ತೀರಿ ಸ್ವಾಮಿ, ಕರ್ಚೀಪಲ್ಲಿ ಗಂಟ್ ಕಟ್ಟಿಯಾ?" ಎಂದು ಕೈಚೆಲ್ಲಿದರು. ಮಗಳು ಹೆದರಲಿಲ್ಲ. ಬರುವವರಿಗೆಲ್ಲ ಫೋನು ಮಾಡಿಸಿ, "ಬೀಗರೂಟಕ್ಕೆ ಒಂದೊಂದು ಡಬ್ಬಿ ತನ್ನಿ" ಎಂದು ಹೇಳಿಸಿದಳು.

ತಂದರು. ಆದರೆ ನಮ್ಮ ಜನ ಬೀಗರೂಟಕ್ಕೆ ಸೊಟ್ಟ ಡಬ್ಬಿ ಹಿಡಿದುಕೊಂಡು ಬರುವವರೇ? ಎಲ್ಲರದೂ ಅಂಗಡಿಯಿಂದ ಆಗತಾನೆ ತಂದ, ಫಳಫಳ ಹೊಳೆಯುವ ಹೊಸ ಡಬ್ಬಿ. ಬಾಗಿಲಲ್ಲಿ ಮುಯ್ಯಿಯ ಉಡುಗೊರೆ ತೆಗೆದುಕೊಳ್ಳಲು ಕೂತಿದ್ದವನು ನನ್ನ ಬಾಮೈದ. ಫೋನಿನ ಸಂಗತಿ ಅವನಿಗೆ ಯಾರೂ ಹೇಳಿರಲಿಲ್ಲ. ಶುಭಕಾರ್ಯಕ್ಕೆ ಹೊಸ ಪಾತ್ರೆ ಹಿಡಿದು ಬಂದರೆ ಅದು ಮುಯ್ಯಿ ಅಲ್ಲದೆ ಇನ್ನೇನು? ಒಂದೊಂದನ್ನೂ ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿ, ಕುಂಕುಮ ಹಚ್ಚಿ ಹಿಂದೆ ಪೇರಿಸಿದ. ಬಂದವರಾದರೂ ಬೀಗರ ಎದುರಿಗೆ, "ಅದು ಮುಯ್ಯಿ ಅಲ್ಲ, ನಾನು ಸಾರು ಒಯ್ಯೋಕೆ ತಂದಿದ್ದು" ಎಂದು ಹೇಗೆ ಬಾಯಿ ಬಿಟ್ಟಾರು? ಹಲ್ಲು ಕಿರಿದು ಒಳಗೆ ಹೋದರು. ಕೆಲವರು ನಿಜವಾಗಿಯೂ ಡಬ್ಬಿಯನ್ನೇ ಮುಯ್ಯಿ ತಂದಿದ್ದರು. ಅವೂ ಅದೇ ಗುಡ್ಡಕ್ಕೆ ಸೇರಿದವು.

ಊಟವಾಯಿತು. ಮುದ್ದೆ, ಸಾರು, ಎಲ್ಲರೂ ಹೊಗಳಿದರು. ಆದರೆ ಕೈ ತೊಳೆದ ಜನ ಹೊರಡಲೇ ಇಲ್ಲ. ಎಲೆಯಡಿಕೆ ಜಗಿಯುತ್ತ, ಗೋಡೆಗೊರಗಿ, ಡಬ್ಬಿಗಳ ಗುಡ್ಡವನ್ನೇ ನೋಡುತ್ತ ನಿಂತರು. ಆಗ ನನಗೆ ವಿಷಯ ಅರ್ಥವಾಯಿತು. ಡಬ್ಬಿ ವಾಪಸ್ ಕೊಟ್ಟರೆ, ಮುಯ್ಯಿ ತಂದವರಿಗೆ ಅವಮಾನ. ಕೊಡದಿದ್ದರೆ ಒಬ್ಬರ ಮನೆಗೂ ಸಾರು ಹೋಗುವುದಿಲ್ಲ. ಯಾವುದು ಮುಯ್ಯಿ, ಯಾವುದು ಸಾರಿನದು? ಬಾಮೈದನನ್ನು ಕೇಳಿದರೆ, "ಎಲ್ಲಾ ಒಂದೇ ತರ ಹೊಳಿತಾವೆ ಬಾವ" ಅಂದ. ಆಚೆ ಬೀಗರು ಮೀಸೆ ತಿರುವುತ್ತ ನನ್ನ ಕಡೆಗೇ ನೋಡುತ್ತಿದ್ದರು.

ಮದುಮಗಳು ಎದ್ದು ಬಂದಳು. "ಅಪ್ಪ, ಡಬ್ಬಿ ಖಾಲಿ ವಾಪಸ್ ಕಳುಸ್ಬಾರ್ದು ಅಂತ ಅಮ್ಮ ಯಾವಾಗ್ಲೂ ಹೇಳಲ್ವಾ? ಎಲ್ಲಾದಕ್ಕೂ ಸಾರು ತುಂಬಿಸಿ, ಮನೆಗೊಂದು ಕೊಟ್ಬುಡಿ. ಮುಯ್ಯಿ ತಂದೋರಿಗೆ ತಾಂಬೂಲ ಆಯ್ತು, ಸಾರಿಗೆ ತಂದೋರಿಗೆ ಸಾರಾಯ್ತು."

ಮಗಳನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು. ಅಡುಗೆಯವರು ಸೌಟು ಹಿಡಿದು ನಿಂತರು, ಗುಡ್ಡ ಕರಗಿತು, ಜನ ನಗುನಗುತ್ತ ಹೊರಟರು. ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ಭಾರದ ಡಬ್ಬಿಯನ್ನು ಆರಿಸಿ ನನ್ನ ಹೆಂಡತಿ ಬೀಗರ ಕೈಗೇ ಕೊಟ್ಟಳು. ಬಾಮೈದ ಕುಂಕುಮ ಹಚ್ಚಿದ ಗಡಿಬಿಡಿಯಲ್ಲಿ ತನ್ನ ಹಣೆಗೂ ಮೂಗಿಗೂ ಬಳಿದುಕೊಂಡಿದ್ದ. ಬೀಗರು ಅವನನ್ನು ನೋಡಿ, "ಮದುಮಗ ನಮ್ ಮಗ್ನೋ, ಇವ್ರೋ?" ಎಂದು ನಕ್ಕು, ಮಗ ಸೊಸೆಯನ್ನು ಕರೆದುಕೊಂಡು ಕಾರು ಹತ್ತಿದರು.

ಬೀಗರ ಡಬ್ಬಿ

ಮಾರನೆಯ ಬೆಳಿಗ್ಗೆ ಹೆಂಡತಿ ಮನೆಯೆಲ್ಲ ಹುಡುಕುತ್ತಿದ್ದಳು. ಬೀಗರೂಟದ ಅಡುಗೆಯವರು ಬಿಸಾಡಲಿದ್ದ ಈರುಳ್ಳಿ ಸಿಪ್ಪೆ, ಕೊತ್ತಂಬರಿ ಬೇರು, ಹಿಂಡಿದ ನಿಂಬೆಹಣ್ಣು ಎಲ್ಲವನ್ನೂ ಮಗಳ ಅಪ್ಪಣೆಯಂತೆ ಬಾಲ್ಕನಿಯ ಡ್ರಮ್ಮಿಗೆಂದು ಒಂದು ದೊಡ್ಡ ಡಬ್ಬಿಗೆ ಒತ್ತಿ ತುಂಬಿಸಿಟ್ಟಿದ್ದಳಂತೆ. "ಎಲ್ಲಿಟ್ಟಿದ್ದೆ?" ಎಂದೆ. "ಮುಯ್ಯಿ ಟೇಬಲ್ ಅಡೀಲಿ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಷ್ಟರಲ್ಲಿ ಬೀಗರ ಫೋನು. ನಾನೇ ಎತ್ತಿದೆ.

"ಬೀಗ್ರೇ," ಎಂದರು, ಅದೇ ಗುಡುಗು. "ಊರೋರೆಲ್ಲ ಸಾರ್ನ ಒಗಳ್ತಾವ್ರೆ. ಇಂಥ ಬೀಗರೂಟ ಕಂಡಿಲ್ಲ ಅಂತಾವ್ರೆ. ನಾನೂ ಅಣ್ಣತಮ್ಮಂದ್ರನ್ನೆಲ್ಲ ಕರ್ದು, ಮುದ್ದೆ ಮಾಡ್ಸಿ, ತಟ್ಟೆ ಮುಂದ್ ಕುಂಡ್ರುಸ್ಕಂಡು, ಆ ಡಬ್ಬಿ ಮುಚ್ಚುಳ ತೆಗ್ದೆ."

ನಾನು ನಡುವೆ ಬಾಯಿ ಹಾಕಿದೆ. "ಬೀಗ್ರೇ, ಅದು..."

"ಇರಿ. ನಾವೆಲ್ಲ ಬಾಯ್ ಬುಟ್ಕಂಡು ಕುಂತಿದ್ರೆ, ನಿಮ್ ಮಗ್ಳು ಬಂದು ಇಣುಕ್ ನೋಡುದ್ಲು. ನೋಡ್ದೋಳೇ ಕಣ್ತುಂಬ ನೀರ್ ತಂದ್ಕಂಡು ಏನಂದ್ಲು ಗೊತ್ತಾ? 'ಮಾವ, ನಮ್ಮಪ್ಪ ನನ್ ಮಾತು ಕೇಳವ್ರೆ! ಒಂದ್ ಚೂರೂ ಪ್ಲಾಸ್ಟಿಕ್ ಬೆರೀದಂಗೆ ಹಸಿ ಕಸ ಬೇರೆ ಮಾಡವ್ರೆ!' ಅಂದ್ಲು ಕಣ್ರೀ!" ಅಂದವರೇ ನಗಲು ಶುರುಮಾಡಿದರು. ಆ ನಗುವಿಗೆ ಫೋನು ಅದುರಿತು. ಹಿಂದಿನಿಂದ ಅಣ್ಣತಮ್ಮಂದಿರ ನಗುವೂ ಕೇಳಿಸಿತು. ನಾನೂ ಗೋಡೆಗೊರಗಿ ನಕ್ಕೆ.

ಭಾನುವಾರ ಅವರೇ ಅದೇ ಡಬ್ಬಿ ಹಿಡಿದುಕೊಂಡು ಮಳವಳ್ಳಿಗೆ ಬಂದರು. ತೊಳೆದು, ಹೊಳೆಸಿ, ಮುಚ್ಚಳದ ಮೇಲೆ ಮಲ್ಲಿಗೆ ಹೂವಿಟ್ಟಿದ್ದರು. "ಖಾಲಿ ಡಬ್ಬಿ ಕಳುಸ್ಬಾರ್ದು ಅಂತ ಸೊಸೆ ಅಪ್ಪಣೆ ಆಗದೆ. ಅವ್ಳೇ ಕೈಯಾರೆ ತುಂಬ್ಸವ್ಳೆ" ಎಂದು ಹೆಂಡತಿಯ ಕೈಗಿತ್ತರು.

ಮಗಳು ಗಂಡನ ಮನೆಯಿಂದ ಕಳಿಸಿದ ಮೊದಲ ತಿಂಡಿ. ಕಜ್ಜಾಯವೇ ಇರಬೇಕು ಎಂದು ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಚ್ಚಳ ತೆಗೆದಳು. ಒಳಗೆ ಬೀಗರ ತಿಪ್ಪೆಯ ಗೊಬ್ಬರ. ಕಪ್ಪಗೆ, ಪುಡಿಪುಡಿಯಾಗಿ, ಕಂಠಮಟ್ಟ.

ಹೆಂಡತಿ ಮೂಸಿ ನೋಡಿದಳು. ಬಾಲ್ಕನಿಯ ಡ್ರಮ್ಮಿನ ಕಡೆ ನೋಡಿದಳು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು ನನಗೆ ಹೇಳಿದಳು:

"ಸದ್ಯ ಬುಡಿ, ಮಗ್ಳು ಸರಿಯಾದ್ ಮನೆ ಸೇರವ್ಳೆ."