ಕೈ ಬೆನ್ನ ಹಿಂದೆ

ಮಗುವನ್ನು ಮುಟ್ಟುವ ಮೊದಲು ಕೇಳಬೇಕು. ಅದು ‘ಹೂಂ’ ಅನ್ನುವವರೆಗೆ ಕೈ ಬೆನ್ನ ಹಿಂದೆ ಇರಬೇಕು. ಕುಂಬಾರಕೊಪ್ಪಲಿನ ನಮ್ಮ ಶಿಶುವಿಹಾರದ ಬಾಗಿಲಿಗೆ ಈ ನಿಯಮ ಬರೆದು ಅಂಟಿಸಿದವನು ಮುಖ್ಯೋಪಾಧ್ಯಾಯನಾದ ನಾನು. ಎಲ್ಲರೂ ಓದುತ್ತಾರೆ. ಓದಿ ಒಳಗೆ ಬಂದು ಮುರಿಯುತ್ತಾರೆ.

ಬರೆದದ್ದು ನಾಲ್ಕು ವರ್ಷದ ಒಬ್ಬ ಹುಡುಗನಿಗಾಗಿ. ಯಾರಾದರೂ ಹೇಳದೆ ಕೇಳದೆ ಮುಟ್ಟಿದರೆ ಅವನಿಗೆ ಕಾದ ಕಾವಲಿ ತಗುಲಿದ ಹಾಗೆ. ಚೀರಿ ಮೇಜಿನ ಕೆಳಗೆ ಸೇರಿದನೆಂದರೆ ಊಟದ ಹೊತ್ತಿನವರೆಗೆ ಹೊರಗೆ ಬರುವುದಿಲ್ಲ. ದಸರಾ ರಜೆಯವರೆಗೆ ನೋಡುತ್ತೇನೆ, ಆಮೇಲೂ ಹೀಗೇ ಆದರೆ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಅವನ ತಾಯಿ ಹೇಳಿದ್ದರು.

ಆಯಾ

ನಿಯಮ ಅಂಟಿಸಿದ ಮೊದಲ ದಿನವೇ ನಮ್ಮ ಆಯಾ ಅವನ ಕೆನ್ನೆ ಸವರಿ, ತಮ್ಮ ಹಣೆಗೆ ಬೆರಳೊತ್ತಿ ನೆಟಿಕೆ ಮುರಿದರು. ಹುಡುಗ ಮೇಜಿನಡಿಗೆ. ನಿಯಮ ಓದಲಿಲ್ಲವೇ ಎಂದು ಗದರಿದೆ.

“ನಾನೆಲ್ಲಿ ಮುಟ್ದೆ ಸಾರ್? ದೃಷ್ಟಿ ತೆಗ್ದೆ ಅಷ್ಟೆ.”

ತಾತ

ಇನ್ನೊಂದು ಮಗುವಿನ ತಾತ, ನಿವೃತ್ತ ಅಧಿಕಾರಿ, ಬಾಗಿಲಲ್ಲಿ ನಿಂತು ನಿಯಮವನ್ನು ಗಟ್ಟಿಯಾಗಿ ಓದಿ ಮೆಚ್ಚಿಕೊಂಡರು. ನನಗೂ ಹಿತವಾಯಿತು. “ಇದನ್ನ ಎಲ್ಲಾ ಸ್ಕೂಲಲ್ಲೂ ತರ್ಬೇಕು ಕಣ್ರೀ” ಎನ್ನುತ್ತಲೇ ನಮ್ಮ ಹುಡುಗನ ಕೆನ್ನೆ ಹಿಂಡಿದರು. ಚೀರಾಟ ಕೇಳಿ, ಪಾಪ, ಮಗುವಿಗೆ ಯಾರು ಏನು ಮಾಡಿದರು ಎಂದು ನನ್ನನ್ನೇ ವಿಚಾರಿಸಿದರು.

ಫೋಟೋ

ಗ್ರೂಪ್ ಫೋಟೋ ದಿನ ಫೋಟೋಗ್ರಾಫರ್‌ಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೆ. ಆತ ಕೇಳಲಿಲ್ಲವೆಂದು ಹೇಳುವಂತಿಲ್ಲ. “ಮುಟ್ಲಾ ಪುಟ್ಟಾ?” ಅಂದ. ಅಷ್ಟರಲ್ಲಿ ಹುಡುಗನ ಗದ್ದ ಅವನ ಕೈಯಲ್ಲಿತ್ತು. ಆ ಫೋಟೋದಲ್ಲಿ ಮಕ್ಕಳೆಲ್ಲ ಕ್ಯಾಮೆರಾ ಬಿಟ್ಟು ಮೇಜಿನ ಕೆಳಗೆ ನೋಡುತ್ತಿದ್ದಾರೆ.

ಕೊನೆಗೆ ನಾನು

ರಜೆಗೆ ಹಿಂದಿನ ದಿನ ತಾಯಿ ತೀರ್ಮಾನ ಹೇಳಲು ಬಂದರು. ಹುಡುಗ ಮರದ ತುಂಡುಗಳಲ್ಲಿ ಗೋಪುರ ಕಟ್ಟಿ ಕೂತಿದ್ದ. ನಿಯಮ ಪಾಲಿಸುವುದು ಹೇಗೆಂದು ಎಲ್ಲರಿಗೂ ತೋರಿಸೋಣವೆಂದು ನಾನು ಅವನೆದುರು ಮಂಡಿಯೂರಿದೆ.

“ಭೇಷ್. ತಲೆ ಸವರ್ಲಾ?”

ಉತ್ತರಕ್ಕೆ ಮುಂಚೆಯೇ ನನ್ನ ಬಲಗೈ ಹೊರಟಿತ್ತಂತೆ. ಆಯಾ ಇಂದಿಗೂ ಸಾಕ್ಷಿ ಹೇಳುತ್ತಾರೆ. ತಾಯಿ ಆಗಲೇ ಮೇಜಿನ ಕಡೆ ನೋಡಿದರು. ಆದರೆ ಹುಡುಗ ಚೀರಲಿಲ್ಲ, ಓಡಲೂ ಇಲ್ಲ.

“ಬೇಡ ಸಾರ್” ಅಂದ.

ತಾಯಿ ಬಾಯಿಗೆ ಸೆರಗು ಹಿಡಿದು ನಗುತ್ತ, ರಜೆ ಮುಗಿದ ಮೇಲೆ ಸ್ಕೂಲು ಯಾವತ್ತು ಶುರು ಎಂದು ಕೇಳಿದರು. ಅಷ್ಟರಲ್ಲಿ ಹುಡುಗ ನನ್ನ ಮಣಿಕಟ್ಟು ಹಿಡಿದು, ಆ ಕೈಯನ್ನು ಎಳೆದೊಯ್ದು ನನ್ನ ಬೆನ್ನ ಹಿಂದೆ ಇಟ್ಟ. ನನ್ನನ್ನು ಕೇಳದೆ.