ರಾಯಲ್ ಮದುವೆಗೆ ಬಂದ ಒಬ್ಬನೇ ರಾಜ

ನನ್ನ ತಮ್ಮ ರಾಜ. ಹೆಸರಲ್ಲ, ಹುದ್ದೆ! ಯಾವ ರಾಜ್ಯಕ್ಕೆ ಅಂತ ಮಾತ್ರ ಕೇಳಬೇಡಿ. ಕುಣಿಗಲ್ ಕಡೆ ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ ಅವನಿಗೊಂದು ತೆಂಗಿನ ತೋಟ ಇದೆ, ಎಮ್ಮೆ ಇದೆ, ಹೆಂಡತಿ ಇದ್ದಾಳೆ. ಪ್ರಜೆಗಳು ಇಷ್ಟೇ. ಇವರಲ್ಲಿ ಎದುರು ಮಾತಾಡದೆ ಇರುವುದು ತೋಟ ಒಂದೇ!

ಹರೆಯದಿಂದಲೂ ಅವನು ಊರಿನ ಪೌರಾಣಿಕ ನಾಟಕಗಳಲ್ಲಿ ರಾಜಪಾರ್ಟು. ಕಿರೀಟ, ಭುಜಕೀರ್ತಿ, ಗದೆ ಎಲ್ಲ ಸ್ವಂತದ್ದು. ಬೇರೆಯವರು ನಾಟಕ ಮುಗಿದ ಮೇಲೆ ಬಣ್ಣ ತೊಳೆದು ರಾಗಿ ಹೊಲಕ್ಕೆ ಹೋಗುತ್ತಾರೆ. ಇವನು ಬಣ್ಣ ತೊಳೆದ, ರಾಜನನ್ನು ಮಾತ್ರ ಮೈಮೇಲೆ ಹಾಗೇ ಉಳಿಸಿಕೊಂಡ. ಬೆಳಗ್ಗೆ ಕಾಫಿ ಬೇಕಾದರೆ ಜಗಲಿಯಿಂದಲೇ "ಯಾರಲ್ಲಿ!" ಅಂತ ಗುಡುಗುತ್ತಾನೆ.

"ಇಲ್ಲಿ ನಾನು, ಎಮ್ಮೆ, ಇಬ್ರೇ ಇರೋದು. ಯಾರ್ ಬರ್ಬೇಕು ಹೇಳಿ," ಅಂತ ಒಳಗಿನಿಂದ ಹೆಂಡತಿಯ ಉತ್ತರ.

ಒಂದು ಸಲ ಬಸ್ಸು ಹತ್ತಿ ಕಂಡಕ್ಟರನ್ನು, "ಆಸನ ಉಂಟೋ?" ಅಂತ ಕೇಳಿದ್ದಾನೆ. "ಹಿಂದ್ಗಡೆ ಟೈರ್ ಮೇಲೊಂದಿದೆ, ಅಲಂಕರಿಸಿ ಮಹಾಪ್ರಭೂ," ಅಂದನಂತೆ ಆ ಪುಣ್ಯಾತ್ಮ. ಕುಣಿಗಲ್ ಬರುವವರೆಗೆ ಇವನು ಪ್ರತಿ ರೋಡ್ ಹಂಪ್‌ಗೂ ಸಿಂಹಾಸನದಿಂದ ಎಗರಿ ಎಗರಿ ಬಿದ್ದ!

ಇಂಥವನನ್ನು ನಮ್ಮ ಮೊಮ್ಮಗಳ ಮದುವೆಗೆ ಕರೆಯಬೇಕಾಯಿತು. ಬರೀ ಕರೆಯುವುದಲ್ಲ. ನಮ್ಮಲ್ಲಿ ಹುಡುಗಿಯನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಅವಳ ಸೋದರಮಾವ. ನನಗಿರುವುದು ಒಬ್ಬಳೇ ಮಗಳು, ಅವಳಿಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಮೊಮ್ಮಗಳು ತೊಟ್ಟಿಲಲ್ಲಿದ್ದಾಗಲೇ ಆ ಜಾಗ ನನ್ನ ತಮ್ಮನದು ಅಂತ ತೀರ್ಮಾನವಾಗಿತ್ತು. ಪಾಪ, ಅವನಿಗೆ ಮಕ್ಕಳಿಲ್ಲ. ಅವಳು ಪಿಯುಸಿ ಓದುತ್ತಿದ್ದಾಗಲೇ ಹಬ್ಬಕ್ಕೆ ಬಂದವನು, "ಅಕ್ಕ, ನನ್ ಮಂಡಿ ಗಟ್ಟಿ ಇರೋವಾಗ್ಲೇ ಗಂಡು ಹುಡ್ಕುಬುಡಿ," ಅಂತ ಗೋಗರೆಯುತ್ತಿದ್ದ. ಅವನು ಆಸೆಪಟ್ಟು ಕೇಳಿದ್ದು ಅದೊಂದೇ ಪಾರ್ಟು.

ಈ ನಡುವೆ ಮರಳೂರಿನ ನಮ್ಮ ಮನೆಗೆ ಮದುವೆ ಮಾಡಿಸುವವನು ಅಂತ ಒಬ್ಬ ಬಂದ. ಪುರೋಹಿತರಲ್ಲ ರೀ, ಈವೆಂಟಿನವನು! ಸೋಫಾದಲ್ಲಿ ಕೂತು ನನ್ನ ಮಗಳಿಗೆ ಹೇಳಿದ: "ರಾಯಲ್ ಥೀಮ್ ಮಾಡೋಣ ಆಂಟಿ. ಗೆಸ್ಟ್‌ಗಳೆಲ್ಲ ರಾಜ ರಾಣಿ ಥರ ಬರ್ತಾರೆ. ಮದುಮಗಳಿಗೆ ಸರ್‌ಪ್ರೈಸ್ ಆಗಿ ಪಲ್ಲಕ್ಕಿ. ಪೇಟ ಕಟ್ಟಿರೋ ನಮ್ ಟೀಮ್ ಅವರೇ ಹೊತ್ಕೊಂಡ್ ಬರ್ತಾರೆ. ಹೊಗೆ ಬಿಡ್ತೀವಿ."

"ಹೊಗೆ ಯಾಕಪ್ಪ, ಸೊಳ್ಳೆಗಾ?" ಅಂದೆ. ಮಗಳು ನನ್ನ ಕಾಲು ತುಳಿದಳು. ನಾನು ಬಿಡಲಿಲ್ಲ. "ಹಂಗಾದ್ರೆ ಸೋದರಮಾವ ಏನ್ ಮಾಡ್ಬೇಕು?"

"ಅವ್ರು ಆರಾಮಾಗಿ ಕೂತ್ಕೊಂಡು ನೋಡ್ಲಿ ಅಜ್ಜಿ."

"ಮಾವಂಗೆ ನೀನೇ ಹೇಳ್ಬಿಡಮ್ಮ," ಅಂತ ಮಗಳು ನುಣುಚಿಕೊಂಡಳು.

ಫೋನ್ ಮಾಡಿದೆ. ಅವನಾಗಲೇ ಕಾರ್ಡು ಓದಿ ಕುಣಿಯುತ್ತಿದ್ದ.

"ಅಕ್ಕ, ಇದ್ರಲ್ಲಿ ಡ್ರೆಸ್ ಕೋಡ್ ರಾಯಲ್ ಅಂತ ಹಾಕವ್ರೆ. ಹಂಗಂದ್ರೇನಕ್ಕ?"

"ಬಂದೋರೆಲ್ಲ ರಾಜನ್ ಥರ ಬಟ್ಟೆ ಹಾಕ್ಕೊಂಡ್ ಬರ್ಬೇಕಂತೆ ಕಣೋ."

ಆ ಕಡೆಯಿಂದ ಮೂಗು ಎಳೆದ ಸದ್ದು.

"ಏನ್ಲಾ, ಅಳ್ತಿದೀಯಾ?"

"ಇಲ್ಲಕ್ಕ. ಭುಜಕೀರ್ತಿಗೆ ಇನ್ನೊಂದ್ಸಲ ಬಂಗಾರದ ಬಣ್ಣ ಹೊಡೀಬೇಕು. ಫೋನ್ ಇಡ್ಲಾ?"

ಪಲ್ಲಕ್ಕಿಯ ಮಾತನ್ನು ನಾನು ಎತ್ತಲೇ ಇಲ್ಲ. ಹೋಗಲಿ, ರಾಯಲ್ ಅಂದರೆ ಶೇರ್ವಾನಿ ಕಣೋ ಅಂತಾದರೂ ಬಿಡಿಸಿ ಹೇಳಬಹುದಿತ್ತಲ್ಲ ಅಂತೀರಾ? ಯಾಕೆ ಹೇಳಲಿ! ಅಂಥ ನೋಟ ತಪ್ಪಿಸಿಕೊಳ್ಳಲು ನನಗೇನು ತಲೆ ಕೆಟ್ಟಿದೆಯೇ?

ಮದುವೆಯ ದಿನ ಶಿರಾ ಗೇಟ್ ಸರ್ಕಲ್ ಆಚೆಯ ಛತ್ರದಲ್ಲಿ ನೋಡಬೇಕಿತ್ತು ರಾಜವೈಭವ! ಗುಬ್ಬಿಯಿಂದ ಬಂದ ನಮ್ಮ ಭಾವನವರು ಬಾಡಿಗೆ ಶೇರ್ವಾನಿಯ ಗುಂಡಿ ಹಾಕಿಕೊಂಡು, ಉಸಿರನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಬೀಗರ ಕಡೆಯವರೊಬ್ಬರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಬಂದು, ಕೂರಲಾರದೆ ನಿಂತೇ ಇದ್ದರು. ಎಲ್ಲರೂ ಮಹಾರಾಜರೇ, ಮಹಾರಾಣಿಯರೇ. ತಿಂಡಿ ಬಡಿಸುತ್ತಿದ್ದಾರೆ ಅಂತ ಯಾರೋ ಕೂಗಿದರು ನೋಡಿ, ಅಷ್ಟೂ ಸಂಸ್ಥಾನಗಳು ಒಟ್ಟಿಗೆ ಓಡಿದವು!

ಅಷ್ಟರಲ್ಲಿ ಹೊರಗೆ ಗಲಾಟೆ. ಹೋಗಿ ನೋಡಿದರೆ ನನ್ನ ತಮ್ಮ! ಕಾರಿನೊಳಗೆ ಕಿರೀಟ ಹಿಡಿಸಲಿಲ್ಲವಂತೆ, ಲಗೇಜ್ ಆಟೋದ ಹಿಂದೆ ನಿಂತುಕೊಂಡೇ ಬಂದಿದ್ದಾನೆ. ಮುಖಕ್ಕೆ ಗುಲಾಬಿ ಬಣ್ಣ, ಕಾಡಿಗೆಯಲ್ಲಿ ತೀಡಿದ ಮೀಸೆ, ಹೆಗಲ ಮೇಲೆ ಗದೆ. ಶಿರಾ ಗೇಟಿನಲ್ಲಿ ಆಂಬುಲೆನ್ಸಿಗೂ ಅಷ್ಟು ಬೇಗ ದಾರಿ ಸಿಕ್ಕಿರಲಾರದು!

ಬಾಗಿಲಲ್ಲಿದ್ದ ಈವೆಂಟಿನವನು ಓಡಿ ಬಂದ. "ಯಜಮಾನ್ರೇ, ಆರ್ಟಿಸ್ಟ್‌ಗಳಿಗೆ ಹಿಂದಿನ್ ಗೇಟು."

"ಆರ್ಟಿಸ್ಟು ನಾಟಕದಾಗೆ ಕಣಯ್ಯಾ! ಇಲ್ಲಿ ನಾನು ಹುಡ್ಗಿ ತಾತ!"

ಅವನು ನಂಬಿದ, ಬಂದವರು ನಂಬಬೇಕಲ್ಲ? ಬಾಡಿಗೆ ರಾಜ ಅಂದುಕೊಂಡು ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಒಬ್ಬಾಕೆ ಅಳುವ ಮಗುವನ್ನು ಅವನ ಕೈಗಿಟ್ಟು ಊಟದ ಹಾಲ್ ಎಲ್ಲಿ ಅಂತ ಕೇಳಿದಳು. ಗದೆಯಿಂದಲೇ ದಾರಿ ತೋರಿಸಿದ. ಖುಷಿಯೋ ಖುಷಿ! ಆ ಗದ್ದಲದಲ್ಲೇ ನನ್ನ ಹತ್ತಿರ ಬಂದು ಪಿಸುಗುಟ್ಟಿದ.

"ಅಕ್ಕ, ಹುಡ್ಗೀನ ಯಾವ್ ರೂಮಿಂದ ಕರ್ಕೊಂಡ್ ಬರ್ಬೇಕು? ಒಂದ್ಸಲ ದಾರಿ ನೋಡ್ಕೊಬುಡ್ತೀನಿ."

ಇನ್ನು ಬಚ್ಚಿಡಲು ಆಗಲಿಲ್ಲ. ಪಲ್ಲಕ್ಕಿಯ ವಿಷಯ ಹೇಳಿದೆ. ಅವನು ಗದೆಯನ್ನು ಹೆಗಲಿಂದ ಇಳಿಸಿದ.

"ಆಗ್ಲಿ ಬುಡಕ್ಕ," ಅಂದ. "ಪಲ್ಲಕ್ಕಿ ಅಂದ್ರೆ ಚೆಂದಾಗ್ ಕಾಣ್ತದೆ. ಹುಡ್ಗಿ ಖುಷಿಯಾಗಿರ್ಬೇಕು, ಅಷ್ಟೇಯ."

ಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತ. ಕಿರೀಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ, ಬಸ್ಸಿನಲ್ಲಿ ಟಿಫನ್ ಡಬ್ಬಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ.

ಓಲಗ ನಿಂತಿತು, ಸ್ಪೀಕರಿನಲ್ಲಿ ಕಹಳೆ ಶುರುವಾಯಿತು. ಹೊಗೆಯೋ ಹೊಗೆ! ಭಾವನವರು ಕೆಮ್ಮಿದ ರಭಸಕ್ಕೆ ಶೇರ್ವಾನಿಯ ಗುಂಡಿ ಹಾರಿ ಯಾವ ಸಂಸ್ಥಾನದ ಗಡಿಗೆ ಬಿತ್ತೋ! ಹೊಗೆಯ ನಡುವಿನಿಂದ ಪಲ್ಲಕ್ಕಿ ಬಂತು. ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು.

"ಇಳ್ಸಿ," ಅಂದಳು ಒಳಗಿನಿಂದ ಮೊಮ್ಮಗಳು.

ಈವೆಂಟಿನವನು ಗಾಬರಿಬಿದ್ದು ಓಡಿದ. "ಮೇಡಂ, ಮ್ಯೂಸಿಕ್ ಮುಗ್ದೋಗತ್ತೆ!"

"ಮುಗೀಲಿ. ನಮ್ ತಾತ ಎಲ್ಲಿ? ರಾಜನೇ ಇಲ್ದೆ ಎಂಥ ರಾಯಲ್ ಮದ್ವೆ ರೀ ಇದು!"

ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಅಷ್ಟು ಮಹಾರಾಜರ ನಡುವೆ ದಾಪುಗಾಲು ಹಾಕುತ್ತ ಕೊನೆಯ ಸಾಲಿಗೆ ಬಂದಳು. ಅವನ ತೊಡೆಯ ಮೇಲಿದ್ದ ಕಿರೀಟ ಎತ್ತಿ ತಾನೇ ಅವನ ತಲೆಗಿಟ್ಟಳು. "ಏಳು ತಾತ, ಮುಹೂರ್ತ ಆಗೋಯ್ತದೆ," ಅಂತ ಅವನದೇ ಭಾಷೆಯಲ್ಲಿ ಹೇಳಿದಳು.

ನನ್ನ ತಮ್ಮ ಎದ್ದ. ರಾಜನ ಹಾಗೆ ಏನಾದರೂ ಡೈಲಾಗು ಹೊಡೆಯುತ್ತಾನೆ ಅಂತ ಎಲ್ಲರೂ ಫೋನ್ ಎತ್ತಿ ಕಾದರು. ಅವನೋ, ಮೊಮ್ಮಗಳ ಭುಜಕ್ಕೆ ಮುಖ ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಆಮೇಲೆ ಅವಳ ಕೈಹಿಡಿದು ಮಂಟಪದವರೆಗೆ ನಡೆಸಿಕೊಂಡು ಹೋದ.

ಹೋದ ವಾರ ಫೋಟೋದವನು ಆಲ್ಬಮ್ಮಿನ ಚಿತ್ರಗಳನ್ನು ತೋರಿಸಲು ಮನೆಗೆ ಬಂದಿದ್ದ. ಮೊಮ್ಮಗಳೂ ಇದ್ದಳು. ಮಂಟಪದ ಮೇಲಿನ ಫೋಟೋ ಒಂದನ್ನು ದೊಡ್ಡದು ಮಾಡಿ ಕೇಳಿದ: "ಮೇಡಂ, ನಿಮ್ ಭುಜದ್ ಮೇಲೆ ಏನೋ ಕಪ್ಪಗೆ ಅಂಟ್ಕೊಂಡಿದೆ. ಎಲ್ಲಾ ಫೋಟೋದಲ್ಲೂ ಇದೆ. ಎಡಿಟ್ ಮಾಡಿ ತೆಗ್ದುಬಿಡ್ಲಾ?"

"ಮುಟ್ಬೇಡಿ," ಅಂದಳು ಅವಳು. "ಅದು ನಮ್ ತಾತನ ಮೀಸೆ."