ಭಾಷಾ ಪಥ್ಯ

ಠ ಮತ್ತು ಥ ಎಂಬ ಎರಡು ಅಕ್ಷರಗಳ ನಡುವೆ ಜಗಳವಾಡುವಷ್ಟು ವ್ಯತ್ಯಾಸವೇನೂ ಇಲ್ಲ ಎಂದು ಕನ್ನಡಕದವರು ನಲವತ್ತೈದು ವರ್ಷ ನಂಬಿಕೊಂಡು ಸುಖವಾಗಿದ್ದರು. ಆ ಸುಖ ಮುಗಿದದ್ದು ಒಂದು ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ.

ಅವರಿಗೆ ಆ ಹೆಸರು ಬಂದದ್ದು ಕಸುಬಿನಿಂದ. ಮೂರು ಮಹಡಿಯ ಕಟ್ಟಡದಲ್ಲಿ ಕೆಳಗಿನ ಮನೆ ಅವರದು, ಮುಂಗೋಣೆಯೇ ಕನ್ನಡಕದಂಗಡಿ. ಗೋಡೆಯ ಮೇಲಿನ ಪಟ ತೋರಿಸಿ ಬಂದವರಿಗೆಲ್ಲ ಅಕ್ಷರ ಓದಿಸುವ ಕೆಲಸ. ಊರಿಗೆಲ್ಲ ಓದಿಸುವವನು ಸ್ವಂತ ಮಗಳಿಗೆ ಓದಿಸಲಾರೆನೇ ಎಂಬ ಧೈರ್ಯದಲ್ಲಿ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಶುರು ಮಾಡಿ ಐದು ವರ್ಷವಾಗಿತ್ತು. ಗಣಿತ ನಡೆಯಿತು. ಬೆಳಕು, ಮಸೂರ ಎಂದರೆ ಮನೆಯ ಮಾತೇ ಆದ್ದರಿಂದ ವಿಜ್ಞಾನ ಓಡಿತು. ಭಾಷೆ ಮಾತ್ರ, "ಮಾತಾಡ್ತಾಳಲ್ಲ, ಇನ್ನೇನು ಕಲಿಸೋದು?" ಎನ್ನಿಸಿಕೊಂಡು ಮಲಮಗಳ ಹಾಗೆ ಮೂಲೆಯಲ್ಲಿ ಕೂತಿತ್ತು.

ಈಗ ಅದೇ ಮಲಮಗಳು ಕತ್ತು ಹಿಡಿದಿದ್ದಳು. ಮಗಳು ಏಳನೆಯ ತರಗತಿ ಮುಗಿಸಿ ಹೈಸ್ಕೂಲಿನ ಹೊಸ್ತಿಲಿಗೆ ಬಂದಿದ್ದರಿಂದ, ಇನ್ನೂ ಮನೆಯಲ್ಲೇ ಓದಬೇಕಾದರೆ ಪ್ರತಿ ವಿಷಯಕ್ಕೂ ಒಂದು ವರ್ಷದ ಪಠ್ಯ ಯೋಜನೆಯನ್ನು ಶಿಕ್ಷಣ ಇಲಾಖೆಗೆ ಒಪ್ಪಿಸಬೇಕಿತ್ತು. ಉಳಿದವೆಲ್ಲ ಪಾಸಾಗಿದ್ದವು. ಭಾಷೆಯದನ್ನು ನೋಡಿ, ಮಗಳನ್ನು ನಾಲ್ಕು ಮಾತು ಆಡಿಸಿ ಪರೀಕ್ಷಿಸಲು ಅಂದು ಸಂಜೆ ನಾಲ್ಕಕ್ಕೆ ಅಧಿಕಾರಿಯೇ ಮನೆಗೆ ಬರುವವರಿದ್ದರು. ಒಪ್ಪಿಗೆಯಾಗದಿದ್ದರೆ ಸೋಮವಾರದಿಂದ ಬೀದಿ ಕೊನೆಯ ಶಾಲೆ. ಆ ಶಾಲೆಯ ಹೆಡ್‌ಮಾಸ್ಟರಿಗೆ ಕನ್ನಡಕದವರು ಹಿಂದೊಮ್ಮೆ, "ನಿಮ್ಮ ಹತ್ತು ಮೇಷ್ಟ್ರುಗಳ ಕೆಲಸ ನಾನೊಬ್ಬನೇ ಮಾಡ್ತೀನಿ ಸ್ವಾಮಿ" ಎಂದು ನಾಲ್ಕು ಜನರ ಎದುರು ಹೇಳಿ ಬಂದಿದ್ದರು. ಆ ನಾಲ್ಕು ಜನರೂ ಇನ್ನೂ ಗಟ್ಟಿಮುಟ್ಟಾಗಿದ್ದರು.

ಒಂದು ತಿಂಗಳು ತಲೆ ಕೆರೆದುಕೊಂಡ ಮೇಲೆ ಯೋಜನೆ ಹೀಗಿತ್ತು: ಸೋಮವಾರ ಪದ್ಯ. ಮಂಗಳವಾರ ಗದ್ಯ. ಬುಧವಾರ ಮತ್ತೆ ಪದ್ಯ, ಸ್ವಲ್ಪ ಉದ್ದದ್ದು. ಗುರುವಾರ ವ್ಯಾಕರಣ, ಅದನ್ನು ಮಗಳೇ ನೋಡಿಕೊಳ್ಳುತ್ತಾಳೆ.

"ಯಾರನ್ನಾದ್ರೂ ಕೇಳ್ರೀ, ಕೇಳಿದ್ರೆ ಮರ್ಯಾದೆ ಹೋಗಲ್ಲ" ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿ ಕೆಲಸಕ್ಕೆ ಹೋದಳು. ಕನ್ನಡಕದವರು ಫೋನ್ ತೆಗೆದು ಕಟ್ಟಡದ ಗುಂಪಿಗೆ ಬರೆದರು: "ನನ್ನ ಮಗಳಿಗೆ ಇಂದಿನಿಂದ ಭಾಷಾ ಪಥ್ಯ. ಸಂಜೆ ನಾಲ್ಕರೊಳಗೆ ಎಲ್ಲ ಸಿದ್ಧವಾಗಬೇಕು. ಅನುಭವಸ್ಥರು ದಯವಿಟ್ಟು ಸಹಾಯ ಮಾಡಿ."

ಹತ್ತು ನಿಮಿಷದಲ್ಲಿ ಎದುರುಮನೆಯ ನರ್ಸಮ್ಮ ಒಳಗೆ ನುಗ್ಗಿದರು. ಆಸ್ಪತ್ರೆಯಿಂದ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅಂದಿನಿಂದ ಒಬ್ಬ ರೋಗಿಯೂ ಸಿಗದೆ ಸೊರಗಿದ್ದರು. ಅವರ ಕನ್ನಡಕ ರಿಪೇರಿಗೆಂದು ಇವರ ಅಂಗಡಿಯಲ್ಲೇ ಬಿದ್ದು ಒಂಬತ್ತು ದಿನವಾಗಿದ್ದರಿಂದ, ಕಟ್ಟಡದ ಕಾರ್ಯದರ್ಶಿ ಮೆಟ್ಟಿಲ ಮೇಲೆ ನಿಂತು ಅವರಿಗೆ ಆ ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳಿದ್ದರು. ಅಂದರೆ ಮೂರೂ ಮಹಡಿಗೆ ಕೇಳಿತ್ತು.

"ಮಾತಿಗೇ ಪಥ್ಯ ಹಾಕಿದಾರೆ ಅಂದ್ರೆ ಗಂಟಲು ಪೂರ್ತಿ ಕೆಟ್ಟಿದೆ ಅಂತಲೇ ಅರ್ಥ! ಯಾವ ಡಾಕ್ಟ್ರು ಹೇಳಿದ್ದು?"

"ಅಯ್ಯೋ ಆಂಟಿ, ಅದು—" ಎಂದಳು ಮಗಳು.

"ಶ್! ಬಾಯಿ ಬಿಟ್ಟರೆ ನೋಡು!" ನರ್ಸಮ್ಮ ತಮ್ಮ ಶಾಲನ್ನೇ ಅವಳ ಕುತ್ತಿಗೆಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದರು.

ಮಗಳು ಒಂದು ಚೀಟಿ ಬರೆದು ಕೊಟ್ಟಳು: 'ಅದು ಪಥ್ಯ ಅಲ್ಲ, ಪಠ್ಯ. ನನಗೆ ಯಾವ ಕಾಯಿಲೆಯೂ ಇಲ್ಲ.' ನರ್ಸಮ್ಮ ಅದನ್ನು ಮೂಗಿಗೆ ಹತ್ತಿರ ಹಿಡಿದರು, ದೂರ ಹಿಡಿದರು, "ಪಾಪ, ನೋವಿಗೆ ಅಕ್ಷರ ಎಲ್ಲ ಕಲಸಿಹೋಗಿದೆ" ಎಂದು ಸಾಂತ್ವನದಿಂದ ಅವಳ ತಲೆ ಸವರಿದರು.

ಕನ್ನಡಕದವರು ಮಾತ್ರ ಅವರ ಹೆಗಲ ಮೇಲಿಂದ ಚೀಟಿ ಓದಿಕೊಂಡರು. ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ಎರಡೂ ಒಂದೇ ಅಲ್ವೇನೇ?"

"ಒಂದು ಓದೋದು, ಇನ್ನೊಂದು ಕಾಯಿಲೆಗೆ ಬಾಯಿ ಕಟ್ಟೋದು ಅಪ್ಪ."

"ಮೊದಲೇ ಹೇಳಬಾರದಿತ್ತಾ?"

"ಮೊದಲೇ ತೋರಿಸಬಾರದಿತ್ತಾ?"

ಈಗ ಎರಡು ದಾರಿಗಳಿದ್ದವು. ಭಾಷಾ ಅಧಿಕಾರಿ ಬರುವ ದಿನವೇ ತನಗೆ ಕಾಗುಣಿತ ಬರುವುದಿಲ್ಲವೆಂದು ಇಡೀ ಕಟ್ಟಡಕ್ಕೆ ಹೇಳುವುದು. ಇಲ್ಲವೇ ಮಗಳಿಗೆ ಗಂಟಲು ನೋವು ಎಂದು ಒಪ್ಪಿಕೊಳ್ಳುವುದು. ಮರ್ಯಾದಸ್ಥರು ಇಂಥಲ್ಲಿ ಮಾಡುವುದನ್ನೇ ಕನ್ನಡಕದವರು ಮಾಡಿದರು. "ನಾಲ್ಕು ಗಂಟೆವರೆಗೆ ಬಾಯಿ ಮುಚ್ಕೊಂಡಿರು ನನ್ನ ತಾಯಿ. ಅಷ್ಟರಲ್ಲಿ ಇವರನ್ನೆಲ್ಲ ಸಾಗಹಾಕ್ತೀನಿ" ಎಂದು ಕೈ ಮುಗಿದು, ಹೊರಗೆ ಬಂದು, "ಹೌದು ನರ್ಸಮ್ಮ, ಪಥ್ಯವೇ. ಸ್ವಲ್ಪ ಕಟ್ಟುನಿಟ್ಟಿನ ಪಥ್ಯ" ಎಂದರು.

ಸಾಗಹಾಕುವುದಿರಲಿ, ಜನ ಬರುವುದೇ ನಿಲ್ಲಲಿಲ್ಲ. ಮೇಲಿನ ಮಹಡಿಯ ಸಂಗೀತದ ಟೀಚರ್ ಇಳಿದು ಬಂದು, ಗಂಟಲಿನ ವಿಷಯದಲ್ಲಿ ನರ್ಸುಗಳಿಗೆ ಏನೂ ಗೊತ್ತಿರುವುದಿಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದರು. "ಮಹಾಪ್ರಾಣ ನಿಲ್ಲಿಸಿ. ಖ, ಘ, ಭ ಅಂತ ಉಸಿರು ಒದೆಯೋದರಿಂದಲೇ ಗಂಟಲು ಹಾಳಾಗೋದು. ಒಂದು ವಾರ ಬರೀ ಅಲ್ಪಪ್ರಾಣ. ಒತ್ತಕ್ಷರವಂತೂ ಬೇಡವೇ ಬೇಡ, ಒತ್ತಡ ಬೀಳುತ್ತೆ."

ಮಗಳು ಚೀಟಿ ಬರೆದಳು: 'ಹಾಗಾದರೆ ಧನವಂತರೆಲ್ಲ ದನವಂತರಾಗುತ್ತಾರೆ ಟೀಚರ್.'

"ಆಗಲಿ ಬಿಡು, ಗಂಟಲು ಮುಖ್ಯ" ಎಂದರು ಟೀಚರ್.

ನರ್ಸಮ್ಮ ಆವಿ ಕೊಡಲೆಂದು ಕುದಿಯುವ ನೀರಿನ ಪಾತ್ರೆ ತಂದು ಮೇಜಿನ ಮೇಲೆ ಇಟ್ಟರು. ಕನ್ನಡಕವಿಲ್ಲದ ಅವರಿಗೆ ಅಲ್ಲಿದ್ದ ಯೋಜನೆಯ ಕಾಗದ ಕಾಣಿಸಲಿಲ್ಲ. ತುಳುಕಿದ ಪಾತ್ರೆ ಎತ್ತಿದಾಗ ಸೋಮವಾರದ ಪದ್ಯ ಮಂಗಳವಾರದ ಗದ್ಯದೊಳಕ್ಕೆ ಹರಿದುಹೋಗಿ, ಬುಧವಾರ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಂದು ತಿಂಗಳ ಯೋಜನೆ ಒಂದು ನಿಮಿಷದಲ್ಲಿ ನೀಲಿ ನೀರಾಯಿತು.

"ಏನೋ ಹಳೇ ಕಾಗದ ಇತ್ತು, ಒರೆಸಿಬಿಟ್ಟೆ" ಎಂದರು ನರ್ಸಮ್ಮ.

ಕನ್ನಡಕದವರು ಬಾಯಿ ತೆರೆದರು, ಮುಚ್ಚಿದರು. ಪಥ್ಯ ಈಗ ಅವರಿಗೂ ಹತ್ತಿದ ಹಾಗಿತ್ತು.

ಅಷ್ಟರಲ್ಲಿ ಕಾರ್ಯದರ್ಶಿ ಬಂದರು. ನೀರು ಬರದಿದ್ದರೂ ನೋಟೀಸು, ಬಂದರೂ ನೋಟೀಸು ಅಂಟಿಸುವ ಮನುಷ್ಯ. ನರ್ಸಮ್ಮ ಮತ್ತು ಟೀಚರ್ ಹೇಳಿದ್ದನ್ನೆಲ್ಲ ಟೈಪ್ ಮಾಡಿ, 'ಭಾಷಾ ಪಥ್ಯ ಯೋಜನೆ' ಎಂದು ದಪ್ಪಕ್ಷರದಲ್ಲಿ ತಲೆಬರಹ ಕೊಟ್ಟು ಬಾಗಿಲಿಗೆ ಅಂಟಿಸಿದರು. ಬೆಳಿಗ್ಗೆ ಹತ್ತು ಮಾತು, ಊಟದ ನಂತರ ಐದು. ಪ್ರಶ್ನೆ ಕೇಳುವಂತಿಲ್ಲ. ಮಹಾಪ್ರಾಣ ವರ್ಜ್ಯ. ಹಾಗೆಯೇ ಇನ್ನೂ ಒಂದಷ್ಟು.

ಮಗಳು ಅದನ್ನು ನಿಧಾನವಾಗಿ ಓದಿ ಚೀಟಿ ಬರೆದಳು: 'ಮಾನ್ಯ ಕಾರ್ಯದರ್ಶಿಗಳಿಗೆ, ನಮ್ಮ ಬಾಗಿಲಿನ ಕಾಗದವನ್ನು ತೆಗೆಯಬೇಕೆಂದು ವಿನಂತಿ. ಅದರಲ್ಲಿ ಏಳು ತಪ್ಪುಗಳಿವೆ. ಎಂಟನೆಯದು ಅದನ್ನು ಅಂಟಿಸಿದ್ದು.'

"ಲಿಖಿತ ದೂರು!" ಕಾರ್ಯದರ್ಶಿಗೆ ಸಂತೋಷವೇ ಆಯಿತು. "ಮುಂದಿನ ಸಭೆಯಲ್ಲಿ ಇಡೋಣ. ಅಲ್ಲಿವರೆಗೆ ನೋಟೀಸು ಹಾಗೇ ಇರಬೇಕು, ಅದು ನಿಯಮ."

ನಾಲ್ಕಕ್ಕೆ ಸರಿಯಾಗಿ ಅಧಿಕಾರಿ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಹೆಗಲಿಗೆ ಚೀಲ, ಜೇಬಿನಲ್ಲಿ ಕೆಂಪು ಪೆನ್ನು. ಬಾಗಿಲಲ್ಲೇ ನಿಂತು ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಕೈ ತಾನೇ ತಾನಾಗಿ ಪೆನ್ನಿಗೆ ಹೋಗಿ ಥ ಅಕ್ಷರಕ್ಕೆ ಒಂದು ಸುತ್ತು ಹಾಕಿತು.

"ಇದು ಯಾರ ಬರವಣಿಗೆ?"

"ಮೂಲ ಇವರದ್ದೇ ಮೇಡಂ. ನಾನು ನಕಲು ಮಾತ್ರ" ಎಂದು ಕಾರ್ಯದರ್ಶಿ ಫೋನಿನ ಸಂದೇಶವನ್ನು ಹೆಮ್ಮೆಯಿಂದ ತೋರಿಸಿದರು.

ಅಧಿಕಾರಿ ಕನ್ನಡಕದವರತ್ತ ನೋಡಿದರು. "ವರ್ಷದ ಯೋಜನೆ ಎಲ್ಲಿ?"

"ಅದು ಸ್ವಲ್ಪ... ದ್ರವರೂಪದಲ್ಲಿದೆ ಮೇಡಂ."

"ಸರಿ, ಮಗು ಮಾತಾಡಲಿ. ನೀನು ಇತ್ತೀಚೆಗೆ ಏನಮ್ಮ ಓದಿದೆ?"

ಮಗಳು ಬಾಯಿ ತೆರೆದಳು. "ಶ್!" ಎಂದರು ನರ್ಸಮ್ಮ. "ಊಟದ ನಂತರದ ಐದು ಮಾತು ಮುಗಿದಿದೆ!" ಎಂದರು ಟೀಚರ್.

ಅಧಿಕಾರಿ ಒಂದು ಕ್ಷಣ ಕಣ್ಣು ಮುಚ್ಚಿದರು. "ಹಾಗಾದ್ರೆ ಬರೆದ ಕಾಗದ ಏನಾದ್ರೂ ಇದ್ರೆ ಕೊಡಿ."

ಕಾರ್ಯದರ್ಶಿ ತಮ್ಮ ಲಿಖಿತ ದೂರನ್ನು ಕೊಟ್ಟರು. ಟೀಚರ್ ದನವಂತರ ಚೀಟಿ ಕೊಟ್ಟರು. ನರ್ಸಮ್ಮ ಬೆಳಗಿನ ಚೀಟಿಯನ್ನು ಸೊಂಟದಿಂದ ತೆಗೆದು, "ಇದರಲ್ಲಿ ಏನಿದೆಯೋ ನನಗಂತೂ ಕಾಣಿಸಲಿಲ್ಲ" ಎಂದು ಕೈಗಿಟ್ಟರು. ಕನ್ನಡಕದವರು ಅದನ್ನು ಕಸಿದುಕೊಳ್ಳಲು ಹೋಗಿ ಕುರ್ಚಿ ಎಡವಿ ಅದೇ ಕುರ್ಚಿಯಲ್ಲಿ ಕೂತರು.

ಅಧಿಕಾರಿ ಮೂರನ್ನೂ ಓದಿದರು. ಮೂರನೆಯದನ್ನು ಎರಡು ಸಲ ಓದಿದರು. ಮಗಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಕೇಳಿದರು, ಅವಳು ತಲೆಯಾಡಿಸಿದಳು. ಆಮೇಲೆ ಚೀಲದಿಂದ ನಮೂನೆ ತೆಗೆದು, ಚಕಚಕನೆ ತುಂಬಿ, ಠಪ್ಪೆಂದು ಮೊಹರು ಒತ್ತಿ ಕನ್ನಡಕದವರ ಕೈಗಿಟ್ಟರು. "ಮನೆಪಾಠಕ್ಕೆ ಅನುಮತಿ ಕೊಟ್ಟಿದ್ದೀನಿ."

ಕನ್ನಡಕದವರು ಎದ್ದು ನಿಂತರು. ಹೆಡ್‌ಮಾಸ್ಟರ್, ಆ ನಾಲ್ಕು ಜನ, ಎಲ್ಲರೂ ಕಣ್ಣ ಮುಂದೆ ತಲೆ ತಗ್ಗಿಸಿ ಸಾಲಾಗಿ ಹಾದುಹೋದರು. ಮೂವರು ನೆರೆಯವರೂ ಚಪ್ಪಾಳೆ ತಟ್ಟಿದರು. "ನೋಡಿದ್ರಾ! ನನ್ನ ಪಾಠ ಅಂದ್ರೆ ಸುಮ್ಮನೆ ಅಲ್ಲ!" ಎಂದು ಅವರು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಓದತೊಡಗಿದರು. "ಒಂದು ವರ್ಷದ ಅವಧಿಗೆ ಅನುಮತಿ ನೀಡಲಾಗಿದೆ. ವಿಷಯ, ಭಾಷೆ. ಸಮಯ, ಪ್ರತಿದಿನ ಸಂಜೆ ಐದರಿಂದ ಆರು, ಶಿಕ್ಷಕಿಯವರು ಶಾಲೆಯಿಂದ ಮರಳಿದ ಮೇಲೆ... ಶಿಕ್ಷಕಿ? ಯಾವ ಶಿಕ್ಷಕಿ?"

ಕಾರ್ಯದರ್ಶಿ ಅವರ ಭುಜದ ಮೇಲಿಂದ ಇಣುಕಿ ಉಳಿದದ್ದನ್ನು ಗಟ್ಟಿಯಾಗಿ ಓದಿದರು. ಮೂರೂ ಮಹಡಿಗೆ ಕೇಳಿತು. "ಶಿಕ್ಷಕಿ ಅನ್ನೋ ಕಡೆ ನಿಮ್ಮ ಮಗಳ ಹೆಸರಿದೆ. ವಿದ್ಯಾರ್ಥಿ ಅನ್ನೋ ಕಡೆ... ನಿಮ್ಮದು."

"ಮೇಡಂ, ನನಗೆ ನಲವತ್ತೈದು ವರ್ಷ!"

"ಕಾಯಿದೆಯಲ್ಲಿ ಕನಿಷ್ಠ ವಯಸ್ಸು ಇದೆ, ಗರಿಷ್ಠ ಇಲ್ಲ" ಎಂದು ಅಧಿಕಾರಿ ಚೀಲ ಹೆಗಲಿಗೇರಿಸಿದರು. "ಸೋಮವಾರದಿಂದ ಅವಳು ಶಾಲೆಗೆ ಹೋಗ್ತಾಳೆ. ಅವಳು ಮನೇಲಿ ಕಲಿಯೋದು ಮುಗಿದಿದೆ. ಕಲಿಸೋದು ಬೇಕಾದಷ್ಟು ಉಳಿದಿದೆ."

ಅವರು ಹೋದರು. ನೆರೆಯವರೂ ಈ ಸುದ್ದಿ ತಣ್ಣಗಾಗುವ ಮುಂಚೆ ಹಂಚಬೇಕಾದ್ದರಿಂದ ಅವಸರದಲ್ಲಿ ಹೋದರು. ಕನ್ನಡಕದವರು ಕಾಗದವನ್ನು ಮಡಚಿ ಜೇಬಿಗಿಟ್ಟು ಮೆತ್ತಗೆ ಕೇಳಿದರು. "ಭಾನುವಾರ ರಜಾ ಇರುತ್ತಲ್ಲಮ್ಮ?"

ಮಗಳು ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಅವರ ಮುಂದೆ ಇಟ್ಟಳು.

"ರಜೆ ಕೋರಿ ಒಂದು ಅರ್ಜಿ ಬರೆದು ಕೊಡಿ. ತಪ್ಪಿಲ್ಲದಿದ್ರೆ ನೋಡೋಣ."